ಇಳಿತದ ಹೊತ್ತಿಗೆ ಗೇಟು ತೆಗೆದಿರಲಿ

ಉತ್ತರ ಕನ್ನಡದ ಜಿಲ್ಲಾಧಿಕಾರಿಗಳಿಗೆ ಮತ್ತು ರಾಜ್ಯದ ಉನ್ನತ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ಹೋದ ತಿಂಗಳು ಅಮಾವಾಸ್ಯೆಯ ಹಿಂದಿನ ರಾತ್ರಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದಳು. ಹತ್ತು ಗಂಟೆ ಆಗಿತ್ತು. "ಮೇಡಂ, ಬೆಳಿಗ್ಗೆ ನಾಲ್ಕಕ್ಕೆ ಹೊರಡಬೇಕು. ರೂಮಿನ ಓನರ್ ಅಷ್ಟೊತ್ತಿಗೆ ಗೇಟು ತೆಗೆಯಲ್ಲ ಅಂತಿದ್ದಾರೆ. ಇವತ್ತೊಂದು ರಾತ್ರಿ ನಿಮ್ಮನೇಲಿ ಮಲಗ್ಲಾ?" ಅಂದಳು. ಬಾ ಅಂದೆ. ಒಂದು ಕೈಯಲ್ಲಿ ಜರಡಿ, ಇನ್ನೊಂದು ಕೈಯಲ್ಲಿ ಬಕೆಟ್ ಹಿಡಿದು ಆಟೋದಲ್ಲಿ ಬಂದಳು. ಬಕೆಟ್ಟಿನ ತುಂಬ ಬಾಟಲಿ, ಫಾರ್ಮಲಿನ್, ನೀರಿನ ಉಪ್ಪಿನಂಶ ನೋಡುವ ಸಣ್ಣ ಉಪಕರಣ. ಬೆಳಿಗ್ಗೆ ಇಬ್ಬರೂ ನದಿಗೆ ಹೋದೆವು. ಅವಳ ಆ ತಿಂಗಳ ಸ್ಯಾಂಪಲ್ ತಪ್ಪಲಿಲ್ಲ.

ಆದರೆ ಅವಳಿಗೆ ಇನ್ನೂ 14 ತಿಂಗಳ ಕೆಲಸ ಬಾಕಿ ಇದೆ. ಅದಕ್ಕೇ ಈ ಪತ್ರ.

ನಾನು ಕುಮಟಾದಲ್ಲಿರುವ ನಿವೃತ್ತ ಅಧ್ಯಾಪಕಿ. 1991ರಿಂದ 31 ವರ್ಷ ಡಿಗ್ರಿ ಮಕ್ಕಳಿಗೆ ಪ್ರಾಣಿಶಾಸ್ತ್ರ ಕಲಿಸಿದೆ. ಈ ಹುಡುಗಿ ಬೇರೆ ಊರಿನ ಒಂದು ಸಂಸ್ಥೆಯಲ್ಲಿ ಪಿಎಚ್‌ಡಿಗೆ ಸೇರಿದ್ದಾಳೆ. ಅವಳ ವಿಷಯ ಅಘನಾಶಿನಿ ನದಿ ಕಡಲು ಸೇರುವ ಅಳಿವೆಯ ಬಳಚು. ಹೊರಗಿನವರು ಚಿಪ್ಪಿಕಲ್ಲು ಅನ್ನುತ್ತಾರಲ್ಲ, ಅದೇ. ಒಂದು ಚೌಕದಷ್ಟು ಕೆಸರಿನಲ್ಲಿ ಎಷ್ಟು ಬಳಚು ಇವೆ, ಯಾವ ಗಾತ್ರದವು, ಮರಿ ಯಾವಾಗ ಕೆಸರಿಗೆ ಬಂದು ಕೂರುತ್ತವೆ, ಮಳೆಗಾಲದಲ್ಲಿ ನೀರು ಸಿಹಿಯಾದಾಗ ಎಷ್ಟು ಸಾಯುತ್ತವೆ. ತಿಂಗಳಿಗೊಮ್ಮೆ, ಗುರುತು ಹಾಕಿದ ಅದೇ ಜಾಗಗಳಲ್ಲಿ, ಎರಡು ವರ್ಷ ಬಿಡದೆ ನೋಡಬೇಕು. ಒಂದು ತಿಂಗಳು ತಪ್ಪಿದರೆ ಆ ಲೆಕ್ಕದಲ್ಲೊಂದು ತೂತು ಬೀಳುತ್ತದೆ. ಆ ತೂತನ್ನು ಆಮೇಲೆ ಯಾರಿಂದಲೂ ತುಂಬಲು ಆಗುವುದಿಲ್ಲ.

ಕಡಲ ತೀರದ ವಿಜ್ಞಾನದ ಒಂದು ಕಷ್ಟ ನಿಮಗೆ ತಿಳಿಯಬೇಕು. ಇಲ್ಲಿ ಕೆಲಸದ ಹೊತ್ತನ್ನು ನಾವು ಗೊತ್ತು ಮಾಡುವುದಿಲ್ಲ, ನೀರು ಗೊತ್ತು ಮಾಡುತ್ತದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಹೊತ್ತು ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ಎಲ್ಲಕ್ಕಿಂತ ಜಾಸ್ತಿ ಇಳಿಯುತ್ತದೆ. ಬಳಚಿನ ಕೆಸರು ಪೂರ್ತಿ ತೆರೆದುಕೊಳ್ಳುವುದು ಆಗಲೇ. ಆ ದಿನಗಳಲ್ಲಿ ನಮ್ಮ ಕಡೆ ಇಳಿತ ಬರುವುದು ನಸುಕಿನ ಐದರ ಆಚೀಚೆ, ಮತ್ತೆ ಸಂಜೆ ಐದರ ಆಚೀಚೆ. ಅಳಿವೆಯ ಒಳಗೆ ಹೋದಷ್ಟೂ ಇನ್ನೂ ಸ್ವಲ್ಪ ತಡ. ಕೈಯಲ್ಲಿ ಇರುವುದು ಒಂದೂವರೆ ತಾಸು. ಅಷ್ಟರಲ್ಲಿ ಚೌಕಟ್ಟು ಇಟ್ಟು, ಕೆಸರು ಅಗೆದು, ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ತೊಳೆದು, ಬಾಟಲಿಗೆ ಹಾಕಿ, ಚೀಟಿ ಅಂಟಿಸಿ ಮೇಲೆ ಬರಬೇಕು. ನೀರು ಕಾಯುವುದಿಲ್ಲ.

"ಸಂಜೆ ಇಳಿತಕ್ಕೇ ಹೋದರಾಯ್ತಲ್ಲ" ಅಂತ ಒಬ್ಬ ಅಧಿಕಾರಿ ಅವಳಿಗೆ ಹೇಳಿದರಂತೆ. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಸಂಜೆ ಕೆಸರಿಗೆ ಇಳಿದರೆ ಕೆಲಸ ಅರ್ಧ ಆಗುವಾಗಲೇ ಕತ್ತಲು. ಎಲ್ಲ ತೊಳೆದು, ಕಟ್ಟಿ, ರೂಮಿಗೆ ಬರುವಾಗ ಎಂಟೂವರೆ, ಒಂಬತ್ತು. ಆಗಲೂ ಅದೇ ಗೇಟು ಮುಚ್ಚಿರುತ್ತದೆ, ಅಲ್ವಾ?

ಆ ಓನರ್ ಕೆಟ್ಟವರಲ್ಲ. ಅವರ ಜೊತೆ ನಾನೇ ಮಾತಾಡಿದೆ. "ನಾಳೆ ಏನಾದರೂ ಆದರೆ ಯಾರು ಜವಾಬ್ದಾರಿ ಮೇಡಂ? ನನ್ನ ತಲೆಗೇ ಬರುತ್ತದೆ" ಅಂದರು. ಅವರ ಹೆದರಿಕೆ ನಿಜವಾದದ್ದು. ಅದಕ್ಕೆ ಉತ್ತರ ಕೊಡುವ ಕೆಲಸ ಅವರದ್ದೂ ಅಲ್ಲ, ಆ ಹುಡುಗಿಯದ್ದೂ ಅಲ್ಲ. ಅದು ನಿಮ್ಮಂಥವರಿಂದ ಆಗಬೇಕಾದ ಕೆಲಸ.

ಇದು ಇಂದು ನಿನ್ನೆಯ ಕಥೆಯಲ್ಲ. ನಾನೂ ಇದೇ ಗೇಟಿನ ಹಿಂದೆ ನಿಂತವಳು.

ನನ್ನದು ಶಿರಸಿ ಕಡೆಯ ಹಳ್ಳಿ. 1988ರಲ್ಲಿ ಪಿಎಚ್‌ಡಿಗೆ ಹೆಸರು ನೋಂದಾಯಿಸಿದೆ. ನನ್ನ ವಿಷಯವೂ ಬಳಚೇ, ನದಿಯೂ ಇದೇ. ಸ್ಯಾಂಪಲ್ ತೆಗೆಯುವ ದಿನಗಳಿಗಾಗಿ ನದಿಗೆ ಹತ್ತಿರದ ಊರಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಇರುತ್ತಿದ್ದೆ. ಅದರ ಗೇಟು ಸಂಜೆ ಏಳಕ್ಕೆ ಮುಚ್ಚಿದರೆ ಬೆಳಿಗ್ಗೆ ಆರಕ್ಕೇ ತೆರೆಯುವುದು. ಅಡುಗೆ ಮಾಡುತ್ತಿದ್ದ ಅಕ್ಕ ಒಬ್ಬರಿದ್ದರು. ನಾನು ಕೇಳಿಕೊಂಡ ಮೇಲೆ ಅವರು ನಸುಕಿನಲ್ಲಿ ಅಡುಗೆಮನೆಯ ಹಿಂದಿನ ಬಾಗಿಲು ತೆಗೆದು ನನ್ನನ್ನು ಬಿಡುತ್ತಿದ್ದರು. ಒಂದು ಲೋಟ ಕರಿಚಹಾ ಕೊಟ್ಟು, "ಹುಷಾರು ತಂಗಿ" ಅನ್ನುತ್ತಿದ್ದರು. ಹೀಗೆ 11 ತಿಂಗಳು ನಡೆಯಿತು.

ಹನ್ನೆರಡನೇ ತಿಂಗಳು ವಾರ್ಡನ್‌ಗೆ ಗೊತ್ತಾಯಿತು. ಆ ಅಕ್ಕನಿಗೆ ಎಲ್ಲರ ಎದುರು ಬೈಗುಳ. ನನಗೆ ಎಚ್ಚರಿಕೆ. ಹಿಂದಿನ ಬಾಗಿಲಿಗೂ ಬೀಗ ಬಿತ್ತು. ನನ್ನ ಮಾರ್ಗದರ್ಶಕರ ಹತ್ತಿರ ಹೋಗಿ ಹೇಳಿದೆ. "ಅದಕ್ಕೇನಂತೆ, ಹುಡುಗರನ್ನು ಕಳಿಸಿ ಸ್ಯಾಂಪಲ್ ತರಿಸು" ಅಂದರು. ದುಡ್ಡು ಕೊಟ್ಟು ತರಿಸಿದೆ. ಅವರು ನಡುವಿನ ದಿಬ್ಬದ ತನಕ ಹೋಗದೆ ದಡದಲ್ಲೇ ಅಗೆದು ತಂದಿದ್ದರು. ಚಿಪ್ಪಿನ ಗಾತ್ರ ನೋಡಿದರೆ ಗೊತ್ತಾಗುತ್ತಿತ್ತು. ದಡದ ಬಳಚೇ ಬೇರೆ, ದಿಬ್ಬದ ಬಳಚೇ ಬೇರೆ. ಆರು ತಿಂಗಳು ಹೀಗೇ ಹೋಯಿತು. ನನ್ನದಲ್ಲದ ಅಂಕಿಯನ್ನು ನನ್ನ ಹೆಸರಲ್ಲಿ ಬರೆಯಲು ಮನಸ್ಸು ಒಪ್ಪಲಿಲ್ಲ. ಮನೆಯಲ್ಲಿ ಮದುವೆಯ ಮಾತು ಶುರುವಾಗಿತ್ತು. ಪಾಠ ಹೇಳುವ ಕೆಲಸ ಸಿಕ್ಕಿತು. ಸಂಶೋಧನೆ ಬಿಟ್ಟೆ.

ಯಾರೂ ನನಗೆ "ನೀನು ಹೆಣ್ಣು, ವಿಜ್ಞಾನ ಬೇಡ" ಅಂದಿರಲಿಲ್ಲ. ಎಲ್ಲರೂ ಪ್ರೋತ್ಸಾಹವನ್ನೇ ಕೊಟ್ಟಿದ್ದರು. ಸನ್ಮಾನಕ್ಕೆ ಕರೆದಿದ್ದರು, ಶಾಲು ಹೊದಿಸಿದ್ದರು. ಒಂದು ಬೀಗ ಮಾತ್ರ ಯಾರೂ ತೆಗೆಯಲಿಲ್ಲ.

ಆ ನಸುಕಿನಲ್ಲಿ ನದಿಯ ದಾರಿಯಲ್ಲಿ ನಾನು ಒಬ್ಬಳೇ ಇರುತ್ತಿರಲಿಲ್ಲ. ಬಳಚು ಹೆಕ್ಕುವ ಹೆಂಗಸರು ಬುಟ್ಟಿ ಹಿಡಿದು ಸಾಲಾಗಿ ನಡೆಯುತ್ತಿದ್ದರು. ಸೊಂಟದ ತನಕ ನೀರು, ಮೊಣಕಾಲ ತನಕ ಕೆಸರು. ಕಾಲಿನಲ್ಲೇ ತಡವಿ ಬಳಚು ಹುಡುಕುತ್ತಿದ್ದರು. ಎಲ್ಲಿ ಮರಿ ಜಾಸ್ತಿ, ಎಲ್ಲಿ ಈ ವರ್ಷ ಅಗೆಯಬಾರದು ಎಂದು ನನಗೆ ಮೊದಲು ತೋರಿಸಿದವರು ಅವರೇ. ಇವತ್ತೂ ಅವರ ಸೊಸೆಯಂದಿರು ಹಾಗೇ ಹೋಗುತ್ತಾರೆ. ಹೋದ ತಿಂಗಳು ನಾನೇ ಕಂಡೆ. ಅವರನ್ನು ಯಾರೂ ತಡೆಯುವುದಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಹೆಣ್ಣುಮಕ್ಕಳು ಯಾಕೆ ಹೊರಟಿರಿ ಅಂತ ಕೇಳುವುದಿಲ್ಲ. ಅದೇ ಹೊತ್ತು, ಅದೇ ಕೆಸರು. ಕೈಯಲ್ಲಿ ಬುಟ್ಟಿ ಇದ್ದರೆ ದಾರಿ ಇದೆ. ಪುಸ್ತಕ, ಪೆನ್ಸಿಲ್ ಇದ್ದರೆ ದಾರಿ ಇಲ್ಲ. ಈ ಪ್ರಶ್ನೆ 35 ವರ್ಷದಿಂದ ನನ್ನ ತಲೆಯಲ್ಲಿ ಕೂತಿದೆ.

ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರನ್ನೂ ನೆನಪು ಮಾಡಿಕೊಳ್ಳುತ್ತೇನೆ. ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿದವರು. ಯಾವ ಮರದ ಬೀಜ ಯಾವಾಗ ತೆಗೆಯಬೇಕು, ಯಾವುದು ತಾಯಿಮರ ಎಂದು ಕಾಡು ಓಡಾಡಿಯೇ ಕಲಿತವರು. 2021ರಲ್ಲಿ ಬರಿಗಾಲಿನಲ್ಲೇ ಹೋಗಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಪಡೆದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ತಿಳಿವಳಿಕೆಯಲ್ಲಿ ಎಷ್ಟು ಕಾಗದದ ಮೇಲೆ ಬಂತು? ನನಗೆ ಆ ಸಂಕಟ ಇದೆ. ನಮ್ಮ ಜಿಲ್ಲೆಯ ಹೆಣ್ಣುಮಕ್ಕಳಿಗೆ ಕಾಡು, ಕಡಲು, ಗದ್ದೆಯ ತಿಳಿವಳಿಕೆ ತಲೆತಲಾಂತರದಿಂದ ಬಂದಿದೆ. ಅದನ್ನು ಅಳೆದು, ಬರೆದು, ಜಗತ್ತಿನ ಮುಂದೆ ಇಡಬಲ್ಲ ಹುಡುಗಿಯರೂ ಈಗ ಇಲ್ಲೇ ಹುಟ್ಟುತ್ತಿದ್ದಾರೆ. ಬಳಚು ಹೆಕ್ಕುವ ಅತ್ತೆಯ ಪಕ್ಕ ಕೂತು, ಅವರ ಮಾತಿನಲ್ಲೇ ಮಾತಾಡಿಸಿ ವಿಷಯ ತಿಳಿಯುವುದು ಊರ ಹುಡುಗಿಗೆ ಸುಲಭ. ಹೊರಗಿನಿಂದ ಎರಡು ದಿನಕ್ಕೆ ಬಂದವರಿಗೆ ಅದು ಸಿಗುವುದಿಲ್ಲ.

ಹೆಣ್ಣುಮಕ್ಕಳು ಓದುತ್ತಿಲ್ಲವೇ? ಓದುತ್ತಿದ್ದಾರೆ. ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆ ಪ್ರಕಾರ 2014-15ರಲ್ಲಿ ದೇಶದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಹೆಣ್ಣುಮಕ್ಕಳು ಸುಮಾರು 48 ಸಾವಿರ. 2021-22ಕ್ಕೆ ಅದು 99 ಸಾವಿರ ಆಯಿತು. ಅದೇ ವರ್ಷ ವಿಜ್ಞಾನ ಓದುವವರಲ್ಲಿ ಹುಡುಗಿಯರ ಸಂಖ್ಯೆ ಹುಡುಗರಿಗಿಂತ ಜಾಸ್ತಿ ಇತ್ತು. ಆದರೆ ನೇರವಾಗಿ ಸಂಶೋಧನೆಯ ಕೆಲಸದಲ್ಲಿ ಇರುವವರನ್ನು 2018ರಲ್ಲಿ ಲೆಕ್ಕ ಹಾಕಿದಾಗ ಹೆಣ್ಣುಮಕ್ಕಳು ನೂರಕ್ಕೆ 16.6 ಮಾತ್ರ. ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು, ಪ್ರಯೋಗಾಲಯದಲ್ಲಿ ಆರರಲ್ಲಿ ಒಂದು. ನಡುವಿನವರು ಎಲ್ಲಿ ಹೋದರು ಅಂತ ನನ್ನನ್ನು ಕೇಳಿದರೆ ಹೆಸರು ಹಿಡಿದು ಹೇಳಬಲ್ಲೆ. ನನ್ನ ಹಳೆಯ ಹಾಜರಿ ಪುಸ್ತಕಗಳಲ್ಲಿ ಅವರು ಇದ್ದಾರೆ.

ಒಬ್ಬಳನ್ನು ಹೇಳುತ್ತೇನೆ. ಸಿದ್ದಾಪುರ ಕಡೆಯವಳು. ಮಂಗನ ಕಾಯಿಲೆ ಹರಡುವ ಉಣುಗಿನ ಮೇಲೆ ಸಂಶೋಧನೆ ಮಾಡಬೇಕು ಅಂತ ಹಟ ಹಿಡಿದವಳು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಕಂಡ ಕಾಯಿಲೆ ಅದು. ಸೊಪ್ಪು, ದರಕು ತರಲು ಕಾಡಿಗೆ ಹೋಗುವ ಹೆಂಗಸರಿಗೆ ಉಣುಗು ಕಚ್ಚುವುದನ್ನು ಅವಳು ಮನೆಯಲ್ಲೇ ನೋಡಿದ್ದಳು. ಎಂಎಸ್ಸಿಯಲ್ಲಿ ಒಳ್ಳೆಯ ಅಂಕ. ಪಿಎಚ್‌ಡಿಗೆ ಸೇರಿದಳು. ಫೆಲೋಶಿಪ್ ಇರಲಿಲ್ಲ. ಕಾಡಿಗೆ ಹೋಗಲು ಜೀಪಿನ ಬಾಡಿಗೆ ಕೈಯಿಂದ ಕೊಡಬೇಕಿತ್ತು. ಎರಡು ವರ್ಷ ಅಪ್ಪ ಅಡಿಕೆ ಮಾರಿದ ದುಡ್ಡು ಕೊಟ್ಟರು. ಮೂರನೇ ವರ್ಷ ಕೊಳೆ ರೋಗ ಬಂದು ಬೆಳೆ ಹೋಯಿತು. ಅಲ್ಲಿಗೆ ಅವಳ ಓದೂ ನಿಂತಿತು. ಈಗ ಬೆಂಗಳೂರಿನಲ್ಲಿ ಒಂದು ಕಂಪನಿಯಲ್ಲಿದ್ದಾಳೆ. ಚೆನ್ನಾಗಿಯೇ ಇದ್ದಾಳೆ. ಆದರೆ ಬೇಸಿಗೆಯಲ್ಲಿ ಮಂಗನ ಕಾಯಿಲೆ ಸುದ್ದಿ ಬಂದಾಗೆಲ್ಲ ನನಗೆ ಮೆಸೇಜ್ ಮಾಡುತ್ತಾಳೆ.

ಸಚಿವರೇ, ಈ ಭಾಗ ನಿಮಗೆ. ನೆಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಪಾಸಾಗಿ, ಸಂಶೋಧನೆಯ ಫೆಲೋಶಿಪ್ ಆದ ಜೆಆರ್‌ಎಫ್ ಸಿಕ್ಕವರಿಗೆ 2023ರ ಜನವರಿಯಿಂದ ತಿಂಗಳಿಗೆ 37 ಸಾವಿರ ರೂಪಾಯಿ ಇದೆ. ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸೇರಿದರೆ ಜೆಆರ್‌ಎಫ್ ಇಲ್ಲದವರಿಗೂ 8 ಸಾವಿರ ಸಿಗುತ್ತದೆ. ಅದು ಕಡಿಮೆಯೇ, ಆದರೂ ಕೈಯಲ್ಲಿ ಏನೋ ಇರುತ್ತದೆ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಸೇರುವ ಹಳ್ಳಿಯ ಹುಡುಗಿಗೆ ಆ 8 ಸಾವಿರದ ಹಕ್ಕೂ ಇಲ್ಲ. ಬೇರೆ ಬೇರೆ ಇಲಾಖೆಗಳ ಸಹಾಯ ಇದೆ ಅನ್ನುತ್ತೀರಿ. ನಿಜ. ಆದರೆ ಅದು ಕೈಗೆ ಬರುವಷ್ಟರಲ್ಲಿ ಎಷ್ಟು ತಿಂಗಳು ಕಳೆದಿರುತ್ತವೆ ಅಂತ ದಯವಿಟ್ಟು ಒಮ್ಮೆ ಅವರನ್ನೇ ಕೇಳಿ. ಹಣ ತಡವಾದರೆ ಗಂಡು ಹುಡುಗ ಸ್ನೇಹಿತನ ರೂಮಿನಲ್ಲಿ ನೆಲದ ಮೇಲೆ ಮಲಗಿ ತಿಂಗಳು ತಳ್ಳುತ್ತಾನೆ. ಹುಡುಗಿಯನ್ನು ಮನೆಯವರು ಬಂದು ಕರೆದುಕೊಂಡು ಹೋಗುತ್ತಾರೆ. ಹಾಗೆ ಹೋದವಳು ಮರಳಿ ಬರುವುದು ಬಹಳ ಕಷ್ಟ.

ಒಳ್ಳೆಯ ನಿಯಮಗಳೂ ಇವೆ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಕೇಂದ್ರದ ಸಂಸ್ಥೆ ಯುಜಿಸಿ 2022ರಲ್ಲಿ ತಂದ ಪಿಎಚ್‌ಡಿ ನಿಯಮ ಓದಿ ನನಗೆ ತುಂಬ ಸಂತೋಷವಾಯಿತು. ಹೆರಿಗೆ ಮತ್ತು ಮಗುವಿನ ಆರೈಕೆಗೆ ಪಿಎಚ್‌ಡಿ ಅವಧಿಯಲ್ಲಿ ಒಟ್ಟು 240 ದಿನದ ತನಕ ರಜೆ ಕೊಡಬಹುದು. ಹೆಣ್ಣುಮಕ್ಕಳಿಗೆ ಎರಡು ವರ್ಷ ಹೆಚ್ಚಿನ ಸಡಿಲಿಕೆ ಇದೆ, ಎಲ್ಲ ಸೇರಿ 10 ವರ್ಷದ ತನಕ ಅವಕಾಶ. ಮದುವೆಯಾಗಿ ಊರು ಬದಲಾದರೆ, ಈ ತನಕ ಮಾಡಿದ ಸಂಶೋಧನೆಯ ದತ್ತಾಂಶದ ಸಮೇತ ಇನ್ನೊಂದು ಸಂಸ್ಥೆಗೆ ಹೋಗಲು ದಾರಿ ಇದೆ. ಇಷ್ಟೆಲ್ಲ ಇದೆ ಅಂತ ಎಷ್ಟು ಹುಡುಗಿಯರಿಗೆ ಗೊತ್ತು? ನಾನು ಕೇಳಿದ ಐದಾರು ಜನರಲ್ಲಿ ಒಬ್ಬಳಿಗೆ ಗೊತ್ತಿತ್ತು. ಆ ನಿಯಮಗಳನ್ನು ಸುಮ್ನೆ ಒಂದು ಪುಟದ ಕನ್ನಡದಲ್ಲಿ ಬರೆಸಿ ಪ್ರತಿ ವಿಭಾಗದ ಗೋಡೆಗೆ ಅಂಟಿಸಿ. ಅದಕ್ಕೆ ಬಜೆಟ್ ಬೇಡ. ಮದುವೆ ಮಾತುಕತೆಗೆ ಬಂದ ಬೀಗರಿಗೂ ಅದನ್ನು ತೋರಿಸಬಹುದು.

ದತ್ತಾಂಶ ಊರು ಬಿಟ್ಟು ಹೋಗಬಹುದು. ನದಿ ಹೋಗುವುದಿಲ್ಲ. ಬಳಚಿನ ಮೇಲೆ ಕೆಲಸ ಮಾಡುವವಳು ಎಲ್ಲಿಗೆ ಮದುವೆಯಾಗಿ ಹೋದರೂ ತಿಂಗಳಿಗೊಮ್ಮೆ ಇಲ್ಲಿಗೇ ಬರಬೇಕು. ಮಗು ಇದ್ದರೆ ಮಗುವನ್ನೂ ಕರೆದುಕೊಂಡು ಬರಬೇಕು. ನನ್ನ ಇನ್ನೊಬ್ಬ ವಿದ್ಯಾರ್ಥಿನಿ ಕಾರವಾರದಲ್ಲಿ ಕಾಳಿ ನದಿಯ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ನಡುವೆ ಬದುಕುವ ಏಡಿಗಳನ್ನು ನೋಡುತ್ತಿದ್ದಾಳೆ. ಎರಡು ವರ್ಷದ ಮಗು ಇದೆ. ಅವಳ ಅಮ್ಮ ಹೊನ್ನಾವರದಿಂದ ಬಂದು ದೋಣಿಯಲ್ಲಿ ಮಗುವನ್ನು ಹಿಡಿದುಕೊಂಡು ಕೂರುತ್ತಾರೆ. ಛತ್ರಿ ಬಿಚ್ಚಿ, ಬಿಸಿಲು ತಾಗದ ಹಾಗೆ. ಮಗಳು ಕೆಸರಿನಲ್ಲಿ ಇರುತ್ತಾಳೆ. ನಾನು ಆ ದೃಶ್ಯ ನೋಡಿ ಹೆಮ್ಮೆ ಪಟ್ಟೆ, ಹೌದು. ಆದರೆ ಒಬ್ಬಳು ಪಿಎಚ್‌ಡಿ ಮುಗಿಸಲು ಅವಳ ಅಮ್ಮನ ಮಂಡಿನೋವು ಇಷ್ಟು ತಡೆದುಕೊಳ್ಳಬೇಕೇ?

ಜಿಲ್ಲಾಧಿಕಾರಿಗಳೇ, ನಿಮ್ಮಿಂದ ಆಗುವ ಕೆಲಸ ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳಗಳಲ್ಲಿ ಪ್ರವಾಸಿ ಮಂದಿರಗಳಿವೆ. ಸ್ಯಾಂಪಲ್ ತೆಗೆಯುವ ಎರಡು ಮೂರು ದಿನ, ಸಂಸ್ಥೆಯ ಪತ್ರ ತಂದ ಸಂಶೋಧಕಿಗೆ ಅಲ್ಲಿ ಒಂದು ಕೋಣೆ ಕೊಡಿ ಎಂದು ಒಂದು ಆದೇಶ ಹೊರಡಿಸಿ. ಕಾವಲುಗಾರ ಇರುತ್ತಾನೆ, ನೀರು ಇರುತ್ತದೆ, ಕೆಸರು ತೊಳೆದುಕೊಳ್ಳಲು ಜಾಗ ಇರುತ್ತದೆ. ಹೊರಗೆ ಹೋಗುವಾಗ, ಬರುವಾಗ ಪುಸ್ತಕದಲ್ಲಿ ಸಹಿ ಹಾಕಲಿ. ಎಲ್ಲಿಗೆ ಹೋಗುತ್ತೇನೆ, ಎಷ್ಟು ಹೊತ್ತಿಗೆ ಬರುತ್ತೇನೆ ಅಂತ ಬರೆಯಲಿ. ಬೀಗಕ್ಕಿಂತ ಆ ಪುಸ್ತಕದಲ್ಲಿ ಭದ್ರತೆ ಜಾಸ್ತಿ. ಬೀಗ ಹಾಕಿದವರಿಗೆ ಹುಡುಗಿ ಎಲ್ಲಿದ್ದಾಳೆ ಅಂತ ಗೊತ್ತಿರುವುದಿಲ್ಲ. ಹಿಂದಿನ ಬಾಗಿಲಿನಿಂದ ಹೋಗುತ್ತಿದ್ದ ಆ 11 ತಿಂಗಳಲ್ಲಿ ನನಗೆ ಏನಾದರೂ ಆಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಆಮೇಲೆ ಹಾಸ್ಟೆಲ್ ವಿಷಯ. ದುಡಿಯುವ ಹೆಣ್ಣುಮಕ್ಕಳಿಗಾಗಿ ಕೇಂದ್ರದ ಸಖಿ ನಿವಾಸ್ ಯೋಜನೆ ಇದೆ. ಮಕ್ಕಳನ್ನು ಹಗಲು ನೋಡಿಕೊಳ್ಳುವ ವ್ಯವಸ್ಥೆಯೂ ಅದರಲ್ಲೇ ಸೇರಿದೆ. ನಮ್ಮ ಕರಾವಳಿಯಲ್ಲಿ ಅಂಥದ್ದು ಕಟ್ಟಿಸುವಾಗ ಸಂಶೋಧಕಿಯರನ್ನೂ ದುಡಿಯುವವರ ಲೆಕ್ಕಕ್ಕೆ ಸೇರಿಸಿ. ಇದನ್ನು ಯಾಕೆ ಬಿಡಿಸಿ ಹೇಳುತ್ತೇನೆಂದರೆ, ಪಿಎಚ್‌ಡಿ ಮಾಡುವವಳು ಎಲ್ಲೂ ಸಲ್ಲುವುದಿಲ್ಲ. ವಿದ್ಯಾರ್ಥಿನಿಯರ ಹಾಸ್ಟೆಲ್ಲಿಗೆ ಹೋದರೆ ಹದಿನೆಂಟರ ಹುಡುಗಿಗೆ ಇಟ್ಟ ನಿಯಮವೇ ಮೂವತ್ತರವಳಿಗೂ. ಉದ್ಯೋಗಸ್ಥರ ಹಾಸ್ಟೆಲ್ಲಿಗೆ ಹೋದರೆ ಸಂಬಳದ ಚೀಟಿ ಕೇಳುತ್ತಾರೆ. ಅವಳ ಹತ್ತಿರ ಇರುವುದು ಫೆಲೋಶಿಪ್ ಪತ್ರ, ಅದೂ ಇದ್ದರೆ. ಕೆಸರಿನಲ್ಲಿ ನಸುಕಿನಿಂದ ನಿಂತು ಮಾಡುವ ಕೆಲಸವನ್ನು ದುಡಿಮೆ ಅನ್ನದೆ ಇನ್ನೇನು ಅನ್ನಬೇಕು?

ಮಹಿಳೆಯರಿಗೆ ಬಸ್ ಉಚಿತವಾಗಿರುವುದು ನಮ್ಮ ಹುಡುಗಿಯರಿಗೆ ದೊಡ್ಡ ಸಹಾಯ. 2023ರ ಜೂನ್‌ನಿಂದ ಕಾರವಾರಕ್ಕೂ ಕುಮಟಾಕ್ಕೂ ಓಡಾಡಿ ಓದುವವರನ್ನು ನೋಡಿದ್ದೇನೆ. ಆದರೆ ಕಾರವಾರದಿಂದ ಕುಮಟಾಕ್ಕೆ ಸುಮಾರು 70 ಕಿಲೋಮೀಟರ್. ಐದರ ಇಳಿತಕ್ಕೆ ನದಿಯಲ್ಲಿ ಇರಬೇಕು ಅಂದರೆ ಬೆಳಗಿನ ಜಾವ ಮೂರಕ್ಕೆ ಹೊರಡಬೇಕು. ಬಸ್ಸಿಳಿದ ಮೇಲೆ ನದಿಯ ತನಕ ಕತ್ತಲ ದಾರಿ ಬೇರೆ. ಮೀನುಗಾರಿಕೆ ಇಲಾಖೆಯದ್ದೋ ಅರಣ್ಯ ಇಲಾಖೆಯದ್ದೋ ಒಂದು ವಾಹನ ತಿಂಗಳಿಗೆ ಎರಡು ನಸುಕು ಬಂದರೆ ಸಾಕು. ಅವರಿಗೂ ಈ ಮಾಹಿತಿ ಬೇಕಾದದ್ದೇ ಅಲ್ವಾ?

ಇನ್ನೊಂದು ಮಾತು. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಕೆಲಸದ ಜಾಗ ಅಂದರೆ ಕಚೇರಿಯ ನಾಲ್ಕು ಗೋಡೆ ಮಾತ್ರ ಅಲ್ಲ. ಕೆಲಸಕ್ಕಾಗಿ ಹೋದ ಜಾಗ, ಅಲ್ಲಿಗೆ ಹೋಗಲು ಸಂಸ್ಥೆ ಕೊಡುವ ವಾಹನ ಎಲ್ಲ ಸೇರುತ್ತದೆ. ದೋಣಿಯೂ ಸೇರುತ್ತದೆ, ಕಾಡಿನ ದಾರಿಯೂ ಸೇರುತ್ತದೆ. ಜೊತೆಗೆ ಬಂದವರಿಂದ ಕಿರುಕುಳ ಆದರೆ ದೂರು ಕೊಡಬಹುದು ಅಂತ ಹುಡುಗಿಗೂ ಗೊತ್ತಿರಬೇಕು, ದೋಣಿ ಬಿಡುವವರಿಗೂ ಮಾರ್ಗದರ್ಶಕರಿಗೂ ಗೊತ್ತಿರಬೇಕು. ಇದನ್ನು ನಾನು ಹೆಚ್ಚು ಬರೆಯುವುದಿಲ್ಲ. ಗೊತ್ತಿರುವವರಿಗೆ ಗೊತ್ತಿದೆ.

ನಮ್ಮ ಜಿಲ್ಲೆ ಒಂದು ದೊಡ್ಡ ಆಸ್ಪತ್ರೆಗಾಗಿ ಕೇಳಿ ಕೇಳಿ ಸುಸ್ತಾಗಿದೆ. ಅದರ ನಡುವೆ ನಾಲ್ಕಾರು ಸಂಶೋಧಕಿಯರ ಕೋಣೆ, ಗೇಟಿನ ಮಾತು ಎತ್ತಲು ನನಗೂ ಸಂಕೋಚ ಇತ್ತು. ಇಷ್ಟು ಕಡಿಮೆ ಜನಕ್ಕೆ ಇಷ್ಟೆಲ್ಲ ಯಾಕೆ ಅಂತ ಯಾರಾದರೂ ಕೇಳಬಹುದು. ಅದಕ್ಕೆ ನನ್ನ ಉತ್ತರ ಇದು.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜಾರಿತು. ಜನ ಸತ್ತರು, ಗಂಗಾವಳಿ ನದಿಯಲ್ಲಿ ವಾರಗಟ್ಟಲೆ ಹುಡುಕಿದರು. ಮೂರು ವಾರ ಕಳೆದು ಆಗಸ್ಟ್ 7ರಂದು ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿತ್ತು. ಆಗೆಲ್ಲ ಹೊರಗಿನಿಂದ ತಜ್ಞರು ಬಂದರು, ನೋಡಿದರು, ಹೋದರು. ನಮ್ಮ ಗುಡ್ಡದ ಮಣ್ಣು, ನಮ್ಮ ಮಳೆ, ನಮ್ಮ ನದಿಯ ತಳವನ್ನು ವರ್ಷಗಟ್ಟಲೆ ಇಲ್ಲೇ ಇದ್ದು ನೋಡುವವರು ಬೇಕು. ಅದೇ ವರ್ಷ ಜನವರಿ ಕೊನೆಗೆ ಅಘನಾಶಿನಿ ಅಳಿವೆಗೆ, ಜಗತ್ತಿನ ಮುಖ್ಯ ಜೌಗು ಪ್ರದೇಶಗಳಿಗೆ ಸಿಗುವ ರಾಮ್ಸರ್ ಮಾನ್ಯತೆ ಸಿಕ್ಕಿತು. 4,801 ಹೆಕ್ಟೇರ್. ಅಣೆಕಟ್ಟು ಇಲ್ಲದೆ ಘಟ್ಟದಿಂದ ಕಡಲಿನ ತನಕ ಹರಿಯುವ ನದಿ ನಮ್ಮದು. ಉಪ್ಪುನೀರು ತಡೆದುಕೊಂಡು ಬೆಳೆಯುವ ಕಗ್ಗ ಭತ್ತ, ಕಾಂಡ್ಲಾ, ಬಳಚು ಎಲ್ಲ ಅಲ್ಲಿವೆ. ಮಾನ್ಯತೆ ಬಂದ ದಿನ ಎಲ್ಲರೂ ಸಂಭ್ರಮಿಸಿದೆವು. ಅಲ್ಲಿ ಬಳಚು ಹೆಚ್ಚಿವೆಯೋ ಕಡಿಮೆಯಾಗಿವೆಯೋ ಅಂತ ನಾಳೆ ಯಾರಾದರೂ ಕೇಳಿದರೆ ಉತ್ತರ ಯಾರ ಹತ್ತಿರ ಇರುತ್ತದೆ? ಗೇಟು ತೆಗೆಯಲಿಲ್ಲ ಅಂತ ನನ್ನ ಮನೆಯಲ್ಲಿ ಬಂದು ಮಲಗಿದಳಲ್ಲ, ಅಂಥವಳ ಹತ್ತಿರ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ. ಅದೇ ಊರಿನಲ್ಲಿ ಕೇಂದ್ರದ ಕಡಲ ಮೀನುಗಾರಿಕೆ ಸಂಶೋಧನಾ ಕೇಂದ್ರ ಇದೆ. ಶಿರಸಿಯಲ್ಲಿ ಅರಣ್ಯ ಕಾಲೇಜು ಇದೆ. ಕಲಿಯುವ ಜಾಗ ನಮಗೆ ಕಡಿಮೆ ಇಲ್ಲ. ಕಲಿತವಳು ನಸುಕಿನಲ್ಲಿ ಹೊರಗೆ ಕಾಲಿಡುವ ದಾರಿ ಬೇಕು.

ತರಗತಿಯಲ್ಲಿ ನಾನು ಇಬ್ಬರ ಕಥೆ ತಪ್ಪದೆ ಹೇಳುತ್ತಿದ್ದೆ. 1933ರಲ್ಲಿ ಕಮಲಾ ಭಾಗವತ್ ಈಗಿನ ಭಾರತೀಯ ವಿಜ್ಞಾನ ಸಂಸ್ಥೆಯಾದ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದರು. ಹೆಣ್ಣು ಅಂತ ಅಲ್ಲಿನ ನಿರ್ದೇಶಕ ಸಿ. ವಿ. ರಾಮನ್ ಮೊದಲು ಬೇಡ ಅಂದರು. ಆಕೆ ಬಿಡಲಿಲ್ಲ. ಒಂದು ವರ್ಷ ಪರೀಕ್ಷೆಗೆ ಇಟ್ಟು ಸೇರಿಸಿಕೊಂಡರು. ಅದೇ ಕಮಲಾ, ಆಮೇಲೆ ಕಮಲಾ ಸೊಹೊನಿ, 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್‌ಡಿ ಪಡೆದರು. ಇನ್ನೊಬ್ಬರು ಅನ್ನಾ ಮಣಿ. ಅದೇ ಸಂಸ್ಥೆಯಲ್ಲಿ ವಜ್ರದ ಬೆಳಕಿನ ಮೇಲೆ ಕೆಲಸ ಮಾಡಿದರು. ಫೋಟೋ ಪ್ಲೇಟಿಗೆ 15-20 ತಾಸು ಬೆಳಕು ಕೊಡಬೇಕಿತ್ತು, ರಾತ್ರಿಯೆಲ್ಲ ಪ್ರಯೋಗಾಲಯದಲ್ಲೇ ಕಳೆಯುತ್ತಿದ್ದರು. 1945ರಲ್ಲಿ ಪ್ರಬಂಧ ಕೊಟ್ಟರೆ, ಎಂಎಸ್ಸಿ ಇಲ್ಲ ಅಂತ ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್‌ಡಿ ಕೊಡಲಿಲ್ಲ. ಅವರು ಹವಾಮಾನ ಇಲಾಖೆ ಸೇರಿ ದೇಶಕ್ಕೆ ಮಳೆ, ಗಾಳಿ, ಬಿಸಿಲು ಅಳೆಯುವ ಉಪಕರಣಗಳನ್ನು ಮಾಡಿಕೊಟ್ಟರು. ಎಂಬತ್ತು ವರ್ಷದ ಹಿಂದೆ ಒಬ್ಬ ಹೆಣ್ಣುಮಗಳು ಬೆಂಗಳೂರಿನಲ್ಲಿ ರಾತ್ರಿಯೆಲ್ಲ ಕೆಲಸ ಮಾಡಲು ಆಯಿತು ಎಂದ ಮೇಲೆ ಇವತ್ತು ಕುಮಟಾದಲ್ಲಿ ನಸುಕು ನಾಲ್ಕಕ್ಕೆ ಒಬ್ಬಳು ಹೊರಗೆ ಹೋಗಲು ಯಾಕೆ ಆಗಬಾರದು?

ನನ್ನ ಹಳೆಯ ನೋಟ್‌ಬುಕ್ಕನ್ನು ಈ ಹುಡುಗಿಗೆ ಕೊಟ್ಟಿದ್ದೇನೆ. ಅವಳ ಸಂಸ್ಥೆಯವರಿಗೆ ಅದನ್ನು ನೋಡಿ ತುಂಬ ಖುಷಿಯಾಯಿತಂತೆ. ಮೂವತ್ತೈದು ವರ್ಷದ ಹಿಂದೆ ಇದೇ ದಿಬ್ಬದಲ್ಲಿ ಒಂದು ಚೌಕಕ್ಕೆ ಎಷ್ಟು ಬಳಚು ಇದ್ದವು ಎಂಬ ಲೆಕ್ಕ ಸಿಕ್ಕಿತು ಅಂತ. ಮೊದಲ 11 ತಿಂಗಳ ಪುಟಗಳನ್ನು ನೇರವಾಗಿ ಹೋಲಿಸಬಹುದು. ಕೊನೆಯ ಆರು ತಿಂಗಳ ಪುಟಗಳ ಮೇಲೆ ನಾನೇ ಪೆನ್ಸಿಲಿನಲ್ಲಿ "ಇದನ್ನು ನಂಬಬೇಡ" ಎಂದು ಬರೆದು ಕೊಟ್ಟೆ. ಅವಳ ನೋಟ್‌ಬುಕ್ಕಿನಲ್ಲಿ ಅಂಥ ಒಂದು ಪುಟವೂ ಬರಬಾರದು.

ಬರುವ ಅಮಾವಾಸ್ಯೆಗೂ ಅವಳು ನಮ್ಮ ಮನೆಯಿಂದಲೇ ಹೊರಡುತ್ತಾಳೆ. ನಾನೂ ಹೋಗುತ್ತೇನೆ. ನನಗೆ ಈಗ 63, ಇನ್ನೆಷ್ಟು ತಿಂಗಳು ಕೆಸರಿಗೆ ಇಳಿಯಬಲ್ಲೆನೋ ಗೊತ್ತಿಲ್ಲ. ಜಿಲ್ಲಾಧಿಕಾರಿಗಳೇ, ನೀವು ಬನ್ನಿ, ಇಲ್ಲವೇ ನಿಮ್ಮ ಕಚೇರಿಯಿಂದ ಯಾರನ್ನಾದರೂ ಕಳಿಸಿ. ನಾಲ್ಕೂಕಾಲಿಗೆ ನದಿಯ ದಾರಿಯಲ್ಲಿ ಇರುತ್ತೇವೆ. ಬಳಚು ಹೆಕ್ಕುವವರೂ ಅದೇ ಹೊತ್ತಿಗೆ ಬರುತ್ತಾರೆ, ಅವರ ಹಿಂದೆಯೇ ನಡೆದರೆ ದಾರಿ ತಪ್ಪುವುದಿಲ್ಲ. ಚಿಪ್ಪು ಕಾಲು ಕೊಯ್ಯುತ್ತದೆ, ದಪ್ಪ ಕಾಲುಚೀಲ ಹಾಕಿಕೊಂಡು ಬನ್ನಿ. ಬ್ಯಾಟರಿ ನಮ್ಮ ಹತ್ತಿರ ಇದೆ.

ಇತಿ,
ಒಬ್ಬ ನಿವೃತ್ತ ಪ್ರಾಣಿಶಾಸ್ತ್ರ ಅಧ್ಯಾಪಕಿ
ಕುಮಟಾ, ಉತ್ತರ ಕನ್ನಡ